ಮಗಳಿಗೆ ಊರೆದುರು ಬರೆದ ಪತ್ರ

ಮಾನ್ವಿ ತಾಲೂಕಿನ ಒಂದು ಹಳ್ಳಿಯಿಂದ,
ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ, 2025

ಮಗಳೇ,

ನಿನ್ನೆ ಓಣಿಯ ಹುಡುಗರು ಎರೆಮಣ್ಣು ತಂದು ಎತ್ತು ಮಾಡಿದರು. ನೀನು ಮಾಡುತ್ತಿದ್ದ ಎತ್ತಿಗೆ ಯಾವಾಗಲೂ ಒಂದು ಕೋಡು ಉದ್ದ, ಇನ್ನೊಂದು ಮೋಟು. ಅದೇ ನೆನಪಾಯಿತು. ನೀನು ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ನಿನ್ನ ಕೌದಿಯನ್ನು ನಾನೇ ಹೊದ್ದುಕೊಳ್ಳುತ್ತಿದ್ದೇನೆ. ಈಗ ನನಗೆ ಬೇಸಿಗೆಯಲ್ಲೂ ಚಳಿ.

ಫೋನಲ್ಲೇ ಹೇಳಬಹುದಿತ್ತು ಅಲ್ವಾ ಅಂತ ನೀನು ಕೇಳುತ್ತೀಯ. ನಿನ್ನ ಫೋನು ನಿನ್ನ ಅತ್ತೆಯ ಪಕ್ಕ, ನನ್ನ ಫೋನು ನಿಮ್ಮಪ್ಪನ ಪಕ್ಕ. ಇಬ್ಬರೂ ಸ್ಪೀಕರ್ ಹಾಕಿಕೊಂಡು "ಊಟ ಆಯ್ತಾ, ಆಯ್ತು" ಅಂದು ಇಟ್ಟುಬಿಡುತ್ತೇವೆ. ಗುಟ್ಟಾಗಿ ಚೀಟಿ ಬರೆದರೂ ಉಪಯೋಗವಿಲ್ಲ. ನಾಳೆ ನಾನಿಲ್ಲದಾಗ ಯಾರಾದರೂ ಒಂದು ಕಾಗದ ಹಿಡಿದುಕೊಂಡು ಬಂದು, "ಸಹಿ ಮಾಡು, ನಿಮ್ಮವ್ವನ ಆಸೆಯೂ ಇದೇ ಆಗಿತ್ತು" ಅಂದರೆ? ಸತ್ತವರ ಬಾಯಿಗೆ ಯಾರು ಬೇಕಾದರೂ ಮಾತು ತುರುಕಬಹುದು. ಅದಕ್ಕೇ ಬದುಕಿರುವಾಗಲೇ ಎಲ್ಲರೆದುರು ಬರೆಯುತ್ತಿದ್ದೇನೆ. ಓದಿದವರೆಲ್ಲ ಸಾಕ್ಷಿ.

ನನ್ನ ಆಸೆ ಅದಲ್ಲ. ಹೊಲದ ಪಾಲಿನ ಹಕ್ಕು ಬಿಟ್ಟ ಪತ್ರಕ್ಕೆ ನೀನು ಸಹಿ ಮಾಡಬೇಡ.

ಹೇಳಬೇಕಾದದ್ದು ಇಷ್ಟೇ. ಆದರೆ ಏಳನೇ ಕ್ಲಾಸು ಓದಿದವಳು ಇಷ್ಟು ದಿನಕ್ಕೆ ಪೆನ್ನು ಹಿಡಿದಿದ್ದೇನೆ, ಸುಮ್ನೆ ಒಂದು ಸಾಲಿಗೆ ಬಿಡುತ್ತೇನಾ? ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನಾಲ್ಕು ದಿನ ಕೂತು ಬರೆದಿದ್ದೇನೆ. ಅದರಲ್ಲಿ ಎರಡು ದಿನ ಆಸ್ಪತ್ರೆಯಲ್ಲಿ, ಬಲಗೈ ಖಾಲಿ ಇದ್ದಾಗ.

ನನ್ನ ಬೇನೆಯ ವಿಷಯ ನಿನಗೆ ಅರ್ಧ ಗೊತ್ತು. ಉಳಿದರ್ಧ ನಾನು ಹೇಳಿರಲಿಲ್ಲ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂದು ಸಲಕ್ಕೆ 4 ತಾಸು. ಎಡಗೈಯಲ್ಲಿ ನರ ಜೋಡಿಸಿ ಫಿಸ್ಟುಲಾ ಮಾಡಿದ್ದಾರಲ್ಲ, ಅದಕ್ಕೆ ಕಿವಿ ಇಟ್ಟರೆ ಒಳಗೆ ಜೇನು ಗುಂಯ್ ಅನ್ನುತ್ತೆ. ಗುಂಯ್ ಅನ್ನುವ ತನಕ ಚಿಂತೆ ಇಲ್ಲ, ನಿಂತರೆ ಓಡಿ ಬಾ ಅಂತ ನರ್ಸಮ್ಮ ಹೇಳಿದ್ದಾಳೆ. ರಾತ್ರಿ ಎಚ್ಚರವಾದಾಗಲೆಲ್ಲ ಕೈಯನ್ನು ಕಿವಿಗೆ ಇಟ್ಟುಕೊಂಡು ನೋಡುತ್ತೇನೆ. ಆ ಕೈಯಲ್ಲಿ ಕೊಡ ಎತ್ತುವಂತಿಲ್ಲ, ಬಿಗಿ ಬಳೆ ತೊಡುವಂತಿಲ್ಲ. ಶೇಂಗಾ ಚಟ್ನಿ ಬೇಡ, ಉಪ್ಪಿನಕಾಯಿ ಬೇಡ, ಎಳನೀರು ಬೇಡವೇ ಬೇಡ. ನೀರು ದಿನಕ್ಕೆ ಮುಕ್ಕಾಲು ಲೀಟರು, ಮಾತ್ರೆ ನುಂಗುವ ನೀರೂ ಅದರಲ್ಲೇ ಲೆಕ್ಕ. ನನಗೆ ನಗು ಬರುತ್ತೆ. ಕಾಲುವೆ ಕೊನೆಯ ಊರಲ್ಲಿ ಬದುಕೆಲ್ಲ "ನೀರು ಬಂತಾ, ಗೇಜು ಎಷ್ಟಡಿ ಇದೆ" ಅಂತ ಕಾದವಳು ನಾನು. ಈಗ ತಂಬಿಗೆ ಎದುರಿಗಿದ್ದರೂ ಅಳತೆ ಮಾಡಿ ಕುಡಿಯಬೇಕು.

ಹೇಗೆ ಬಂತು ಅಂತ ಎಲ್ಲರೂ ಕೇಳುತ್ತಾರೆ. ಮಾಟ ಅಂದವರೂ ಇದ್ದಾರೆ. ಮಾಟವಲ್ಲ, ಗುಳಿಗೆ. ನಾಟಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಜೊತೆಗೇ ನೋವಿನ ಗುಳಿಗೆ ಸಿಗುತ್ತಿತ್ತು. ಹತ್ತಿ ಬಿಡಿಸುವ ದಿನಗಳಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು. ಹೀಗೆ 15 ವರ್ಷ. ಜೊತೆಗೆ ಬಿಪಿ ಇತ್ತಂತೆ, ಒಬ್ಬರೂ ನೋಡಿರಲಿಲ್ಲ, ನಾನೂ ತೋರಿಸಿರಲಿಲ್ಲ. ಹೊಲದಲ್ಲಿ ಹೆಂಗಸರಿಗೆ ಮರೆ ಎಲ್ಲಿದೆ? ಪದೇಪದೇ ಎದ್ದು ಹೋಗಬೇಕಲ್ಲ ಅಂತ ಬಿಸಿಲಲ್ಲೂ ನೀರು ಕುಡಿಯುತ್ತಿರಲಿಲ್ಲ. ಡಾಕ್ಟರು ಅಣೆಕಟ್ಟಿನ ಲೆಕ್ಕ ಹೇಳಿ ತಿಳಿಸಿದರು. "ನಿಮ್ಮ ತುಂಗಭದ್ರಾ ಡ್ಯಾಮು ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು. ಹೂಳು ತುಂಬಿ ಈಗ 105ರ ಹತ್ತಿರ. ಆದ ನಷ್ಟ ಒಂದು ದಿನದ್ದಲ್ಲ. ಕಿಡ್ನಿಯೂ ಹಾಗೇ, ಗೊತ್ತಾಗುವ ಹೊತ್ತಿಗೆ ತಡ ಆಗಿರುತ್ತೆ." ನಿನ್ನ ಗಂಡನ ಮನೆಯಲ್ಲೂ ಭತ್ತದ ಗದ್ದೆ. ನಾಳೆ ನೀನೂ ಬಗ್ಗುತ್ತೀಯ. ಬಗ್ಗು, ಕೆಲಸಕ್ಕೆ ಬೇಡ ಅನ್ನುವುದಿಲ್ಲ. ಆದರೆ ಗುಳಿಗೆಯನ್ನು ಬೆಲ್ಲದ ಹಾಗೆ ತಿನ್ನಬೇಡ, ಆರು ತಿಂಗಳಿಗೊಮ್ಮೆ ಬಿಪಿ ತೋರಿಸು. ನಾಚಿಕೆ ಬಿಟ್ಟು ನೀರು ಕುಡಿ.

ಹೋದ ದೀಪಾವಳಿಗೇ ನನ್ನ ಕಾಲು ಬಾತಿದ್ದವು. ಬೆರಳು ಒತ್ತಿದರೆ ಗುಣಿ ಬೀಳುತ್ತಿತ್ತು. ನಿನಗೆ ಗಂಡು ನೋಡುತ್ತಿದ್ದರು, ಹೇಳಲಿಲ್ಲ. ತಾಯಿಗೆ ರೋಗ ಅಂದರೆ ಸಂಬಂಧ ತಪ್ಪುತ್ತೆ ಅಂತ ಸೀರೆ ಇನ್ನೂ ಇಳಿಸಿ ಉಟ್ಟೆ. ಸಂಕ್ರಾಂತಿ ಹೊತ್ತಿಗೆ ಉಸಿರು ಕಟ್ಟಿ ಬಿದ್ದ ಮೇಲೇ ಗೊತ್ತಾದದ್ದು. ಆಮೇಲೆ ಅವ್ವ ಇರುವಾಗಲೇ ಆಗಲಿ ಅಂತ ಅವಸರದಲ್ಲಿ ನಿನ್ನ ಲಗ್ನ ಮಾಡಿದರು. ಬಿ.ಎ. ಕೊನೆ ವರ್ಷದ ಪರೀಕ್ಷೆ ಬರೆಸುತ್ತೇವೆ ಅಂತ ನಿನ್ನ ಮಾವ ಎಲ್ಲರೆದುರು ಹೇಳಿದ್ದಾರೆ. ಅದೂ ಇಲ್ಲಿ ಬರೆದಿರಲಿ. ನೀನು ಕಿಡ್ನಿ ಕೊಡ್ತೀನಿ ಅಂತ ಅತ್ತಿದ್ದೆ. ಬೇಡ ಅಂದೆ. ಆವತ್ತೂ ಬೇಡ, ಇವತ್ತೂ ಬೇಡ.

ಈಗ ಕಾಗದದ ವಿಷಯ.

ನಮ್ಮ ಹೊಲ ಇನ್ನೂ ನಿಮ್ಮಜ್ಜನ ಹೆಸರಲ್ಲೇ ಇದೆ, ಅವರು ಸತ್ತು ಎಷ್ಟೋ ವರ್ಷವಾಯಿತು. ಈಗ ಸರ್ಕಾರದವರು ಇ-ಪೌತಿ ಅಂತ ಮಾಡಿದ್ದಾರೆ. ಸತ್ತವರ ಹೆಸರಿನ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುತ್ತಾರೆ. ಒಳ್ಳೆ ಕೆಲಸವೇ. ಆದರೆ ವಂಶಾವಳಿ ಬರೆಸುವಾಗ ನಮ್ಮ ಕಡೆ ಒಂದು ರೂಢಿ ಇದೆ. ಗಂಡುಮಕ್ಕಳ ಹೆಸರು ಮೊದಲು ಬರೆಸುತ್ತಾರೆ, ಹೆಣ್ಣುಮಕ್ಕಳದು ಮರೆತುಹೋಗುತ್ತದೆ. ಮರೆಯದಿದ್ದರೆ ಪಕ್ಕದಲ್ಲಿ ಒಂದು ಹಕ್ಕು ಬಿಟ್ಟ ಪತ್ರ ಸಿದ್ಧವಾಗುತ್ತದೆ. ನಿಮ್ಮ ದೊಡ್ಡಪ್ಪ ಮೊನ್ನೆ ಕಟ್ಟೆಯ ಮೇಲೆ ಕೂತು ಹೇಳಿದರು, "ಪಂಚಮಿಗೆ ಹುಡುಗಿ ಬರ್ತಾಳಲ್ಲ, ಆವಾಗ ಒಂದು ಸಹಿ ಮಾಡಿಸಿದರಾಯ್ತು. ಅವಳೇನು ಬೇಡ ಅಂತಾಳಾ? ಲಗ್ನಕ್ಕೆ ಅಷ್ಟು ಖರ್ಚು ಮಾಡೀವಿ." ನಿಮ್ಮಪ್ಪ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಬೀಡಿ ಹಚ್ಚಿದರು.

ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಅಕ್ಕಿ ಆರಿಸುತ್ತಲೇ 2008ಕ್ಕೆ ಹೋಗಿಬಿಟ್ಟೆ.

ನಮ್ಮಪ್ಪ ತೀರಿಕೊಂಡ ವರ್ಷ ಅದು. ನೀನಿನ್ನೂ ಐದು ವರ್ಷದ ಕೂಸು, ಕಂಕುಳಲ್ಲಿ ನಿನ್ನ ತಮ್ಮ. ನನ್ನ ಅಣ್ಣಂದಿರು ಜೀಪು ಮಾಡಿಕೊಂಡು ಬಂದರು. ಹಾಗೆ ಜೀಪು ಬಂದದ್ದು ಅದೇ ಮೊದಲು, ಅದೇ ಕೊನೆ. ಒಂದು ಇಳಕಲ್ ಸೀರೆ ತಂದಿದ್ದರು, ಕೆಂಪು ಸೆರಗಿನದು. ನೋಂದಣಿ ಕಚೇರಿ ಮುಂದಿನ ಹೋಟೆಲಲ್ಲಿ ಒಗ್ಗರಣೆ ಮಂಡಾಳು, ಮಿರ್ಚಿ ತಿನ್ನಿಸಿದರು. ನಿನಗೆ ಎರಡನೇ ಮಿರ್ಚಿಯನ್ನೂ ಕೊಡಿಸಿದರು, ನೀನು ಖಾರಕ್ಕೆ ಅತ್ತೆ. ಒಳಗೆ ಹೋದೆವು. ಎಲ್ಲಿ ಅಂದರೆ ಅಲ್ಲಿ ಸಹಿ ಮಾಡಿದೆ. ಸಾಹೇಬರು ತಲೆ ಎತ್ತದೆ "ಒಪ್ಪಿಗೆ ಇದೆಯೇನಮ್ಮ" ಅಂದರು. ಹಿಂದೆ ನನ್ನ ಇಬ್ಬರು ಅಣ್ಣಂದಿರು ನಿಂತಿದ್ದರು. ಇದೆ ಅಂದೆ. ಕಾಗದದಲ್ಲಿ ಏನಿದೆ ಅಂತ ನಾನೂ ಓದಲಿಲ್ಲ, ಯಾರೂ ಓದಿ ಹೇಳಲಿಲ್ಲ. ಏಳನೇ ಕ್ಲಾಸು ಪಾಸಾದವಳು ನಾನು, ಓದಬಹುದಿತ್ತು. ಓದಿದರೆ ಅಣ್ಣಂದಿರ ಮೇಲೆ ಅನುಮಾನ ಪಟ್ಟ ಹಾಗಾಗುತ್ತೆ ಅಂತ ಅಂಜಿದೆ.

ಯಾಕೆ ಮಾಡಿದೆ ಅಂದರೆ, ತವರಿಗಾಗಿ. ಪಾಲು ಕೇಳಿದವಳಿಗೆ ತವರು ಇಲ್ಲ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು, ಅವಳಿಗೆ ಅವಳವ್ವ. ಪಂಚಮಿಗೆ ಕರೆಯಲು ಬರುವ ಅಣ್ಣ ಬೇಕು, ಒಂದು ಕುಬಸದ ಬಟ್ಟೆ ಬೇಕು, ಸತ್ತಾಗ ತವರಿನ ಸೀರೆ ಬೇಕು. ಇಷ್ಟಕ್ಕೆ ಎರಡು ಎಕರೆ ಕೊಟ್ಟೆ. ತವರು ಉಳಿಯಿತಾ? ಮೂರು ಪಂಚಮಿ ಬಂದರು. ನಾಲ್ಕನೆಯದಕ್ಕೆ ಫೋನು ಮಾಡಿದರು. ಐದನೆಯದಕ್ಕೆ ಅದೂ ಇಲ್ಲ. ಈ ಸಲ ಸಂಕ್ರಾಂತಿಯಲ್ಲಿ ಆಸ್ಪತ್ರೆಗೆ ಸೇರಿದಾಗ ದೊಡ್ಡಣ್ಣ ಬಂದ. ಬಾಳೆಹಣ್ಣು ತಂದಿದ್ದ, ಅದು ನನಗೆ ವರ್ಜ್ಯ ಅಂತ ಅವನಿಗೇನು ಗೊತ್ತು. ತಲೆದಿಂಬಿನ ಕೆಳಗೆ 2,000 ರೂಪಾಯಿ ಇಟ್ಟು ಕಣ್ಣೊರೆಸಿಕೊಂಡು ಹೋದ. ಅವನ ಕಣ್ಣೀರು ಸುಳ್ಳಲ್ಲ. ನನ್ನ ಎರಡು ಎಕರೆಯೂ ಸುಳ್ಳಲ್ಲ.

ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಗಂಡುಮಗನ ಸಮ ಹಕ್ಕು ಅನ್ನುವ ಕಾನೂನು 2005ರ ಸೆಪ್ಟೆಂಬರ್ 9ಕ್ಕೇ ಜಾರಿಗೆ ಬಂದಿತ್ತಂತೆ. ನಾನು ಸಹಿ ಮಾಡಿದ್ದು ಅದಾದ ಮೂರು ವರ್ಷಕ್ಕೆ. ನಮ್ಮ ಕರ್ನಾಟಕದಲ್ಲಿ ಲಗ್ನವಾಗದ ಹೆಣ್ಣುಮಕ್ಕಳಿಗೆ ಇಂಥ ಹಕ್ಕು 1994ರಲ್ಲೇ ಕೊಟ್ಟಿದ್ದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ನಮ್ಮ ಸಂಘದ ಸಭೆಗೆ ಬಂದಿದ್ದ ವಕೀಲಮ್ಮ. "ಅಪ್ಪ 2005ಕ್ಕಿಂತ ಮೊದಲೇ ಸತ್ತಿದ್ದರೆ?" ಅಂತ ಒಬ್ಬಳು ಕೇಳಿದಳು. ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಅದನ್ನೂ ಬಗೆಹರಿಸಿದೆ, ಅಪ್ಪ ಬದುಕಿರಲೇಬೇಕು ಅಂತಿಲ್ಲ, ಹಕ್ಕು ಬರುವುದು ಮಗಳ ಹುಟ್ಟಿನಿಂದ ಅಂದರು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿದ್ದರೆ ಅದನ್ನು ಮುಟ್ಟುವಂತಿಲ್ಲವಂತೆ. ನಮ್ಮಲ್ಲಿ ಪಾಲಿನ ಕಾಗದವೇ ಇಲ್ಲ, ಬರೀ ಬಾಯಿಮಾತು, ಬದುವಿಗೆ ಒಂದು ಕಲ್ಲು. ನಿಮ್ಮ ದೊಡ್ಡಪ್ಪನದು ಬಿಟ್ಟು ನಮ್ಮ ಕಡೆಗೆ 4 ಎಕರೆ 20 ಗುಂಟೆ. ಪಿತ್ರಾರ್ಜಿತದ್ದು. ನಿಮ್ಮಪ್ಪ, ನಿನ್ನ ತಮ್ಮ, ನೀನು. ಭಾಗ ಮಾಡಿದರೆ ಒಬ್ಬೊಬ್ಬರಿಗೆ ಒಂದೂವರೆ ಎಕರೆ. ಲಗ್ನದ ಖರ್ಚಿಗೂ ಇದಕ್ಕೂ ಸಂಬಂಧವಿಲ್ಲ. ಪೆಂಡಾಲು, ಡಿಜೆ, ಮಂದಿ ಊಟ ನೀನು ಕೇಳಿದ್ದಾ? ಡಿಜೆ ಸದ್ದಿಗೆ ನನ್ನ ಬಿಪಿ ಏರಿದ್ದೇ ಬಂತು.

ಆಸ್ಪತ್ರೆಯಲ್ಲಿ ಮೊದಲ ದಿನ ಫಾರಂ ತುಂಬುವಾಗ ಹುಡುಗನೊಬ್ಬ ಕೇಳಿದ, "ಏನು ಕೆಲಸ?" ಒಕ್ಕಲುತನ ಅಂದೆ. "ಹೊಲ ನಿಮ್ಮ ಹೆಸರಲ್ಲಿದೆಯಾ?" ಇಲ್ಲ ಅಂದೆ. ಮನೆಗೆಲಸ ಅಂತ ಬರೆದುಕೊಂಡ. ಅವನ ತಪ್ಪೇನಿಲ್ಲ ಬಿಡು. ಪಹಣಿ ಇಲ್ಲದಿದ್ದರೆ ರೈತರ ಗುರುತಿನ ನಂಬರು, ಅಂದರೆ ಎಫ್‌ಐಡಿ ಇಲ್ಲ, ಎಫ್‌ಐಡಿ ಇಲ್ಲದಿದ್ದರೆ ಸರ್ಕಾರದ ಲೆಕ್ಕದಲ್ಲಿ ನಾನು ರೈತಳೇ ಅಲ್ಲ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ, ಬೆಳೆ ವಿಮೆ, ಬೆಳೆ ಸಾಲ, ಯಾವುದಕ್ಕೂ ನನ್ನ ಹೆಸರಿಲ್ಲ. 30 ವರ್ಷ ಈ ಹೊಲದಲ್ಲಿ ನಾಟಿ ಮಾಡಿದ್ದೇನೆ, ಕಳೆ ತೆಗೆದಿದ್ದೇನೆ. ಬೇನೆ ಬಂದಾಗ ಅಡವಿಡಲು ನನ್ನದು ಅಂತ ಒಂದು ಗುಂಟೆ ಇರಲಿಲ್ಲ. ಡಯಾಲಿಸಿಸ್ ಪುಕ್ಕಟೆ ಆಗುತ್ತೆ, ದೇವರು ಒಳ್ಳೆಯದು ಮಾಡಲಿ. ಆದರೆ ರಕ್ತ ಏರಿಸುವ ಇಂಜೆಕ್ಷನ್ನು ಎಷ್ಟೋ ಸಲ ಹೊರಗಿಂದ ತರಬೇಕು. ನನ್ನ ಗುಂಡಿನ ಸರ ಮಾರಿದ್ದು ಅದಕ್ಕೇ. ನಿನಗೆ ಲಾಕರ್‌ನಲ್ಲಿದೆ ಅಂದಿದ್ದೆ. ಯಾವ ಲಾಕರು, ಸುಳ್ಳು.

ಹೋದ ವರ್ಷದ ಪಂಚಮಿ ನೆನಪಿದೆಯಾ? ಹಬ್ಬದ ಮರುದಿನ ರಾತ್ರಿ, ಆಗಸ್ಟ್ 10, ಡ್ಯಾಮಿನ 19ನೇ ಗೇಟು ಕಿತ್ತುಹೋಯಿತು. 33 ಗೇಟುಗಳಲ್ಲಿ ಒಂದೇ ಒಂದು. ನೀರೆಲ್ಲ ಹೊಳೆ ಪಾಲಾಗುತ್ತೆ ಅಂತ ನಿಮ್ಮಪ್ಪ ನಿದ್ದೆಯಿಲ್ಲದೆ ಅಂಗಳದಲ್ಲಿ ತಿರುಗಿದರು. ವಾರದೊಳಗೆ ತಾತ್ಕಾಲಿಕ ಗೇಟಿನಂಥ ಸ್ಟಾಪ್‌ಲಾಗ್ ಇಳಿಸಿದರು ಅನ್ನು. ಆಗ ನೀನು ಜೋಕಾಲಿ ಹಗ್ಗ ಬಿಚ್ಚುತ್ತಾ ಕೇಳಿದೆ, "ಗೇಟು ಒಡೆದದ್ದು ಅಲ್ಲಿ, ಮೊದಲು ಒಣಗೋದು ನಾವು, ಯಾಕವ್ವ?" ನಾವು ಕೊನೆಯಲ್ಲಿದ್ದೇವಲ್ಲ, ಅದಕ್ಕೆ ಅಂದೆ. ಮನೆಯಲ್ಲಿ ಹೆಣ್ಣುಮಕ್ಕಳದೂ ಕಾಲುವೆಯ ಕೊನೆಯೇ ಅಂತ ಆವತ್ತು ಬಾಯಿಗೆ ಬಂದಿತ್ತು, ಹಬ್ಬದ ದಿನಗಳು ಅಂತ ನುಂಗಿದೆ. ಈಗ ನೀನು ಕಾರಟಗಿ ಕಡೆಗೆ, ಕಾಲುವೆ ಮೇಲ್ಭಾಗಕ್ಕೆ ಹೋಗಿದ್ದೀಯ. ಅಲ್ಲಿ ನೀರಿಗೆ ಕಾಯಬೇಕಿಲ್ಲ. ಅದೊಂದು ಸಮಾಧಾನ ನನಗೆ.

ಮೇಲ್ಭಾಗ ಅಂದೆನಲ್ಲ, ಅಲ್ಲಿಯವರಿಗೂ ಒಂದು ಮಾತು. ಬೀಗರೇ, ನೀವೂ ಓದುತ್ತೀರಿ ಅಂತ ಗೊತ್ತು. ಮಗಳಿಗೆ ಪಾಲಿದೆ ಅಂತ ಅವ್ವ ಬರೆದಳು ಅಂದ ಕೂಡಲೇ ಟ್ರ್ಯಾಕ್ಟರ್ ಷೋರೂಮಿಗೆ ಹೋಗಬೇಡಿ. ಅದು ಅವಳದು. ಅಳಿಯನದೂ ಅಲ್ಲ. ಮಗಳೇ, ಇಲ್ಲಿ ಬಿಡುವ ಸಹಿಗೆ ನಾನು ಬೇಡ ಅನ್ನುತ್ತಿದ್ದೇನೆ. ಅಲ್ಲಿ ಮಾರುವ ಸಹಿಗೂ ಅದೇ ಮಾತು. ತಮ್ಮನೇ ಉಳುಮೆ ಮಾಡಲಿ, ನಿನ್ನ ಪಾಲಿನ ಮೇಲೆ ಕೋರು, ಅಂದರೆ ಬೆಳೆಯಲ್ಲಿ ಪಾಲು, ಕೊಡಲಿ, ಕೊಡದಿದ್ದರೆ ವರ್ಷಕ್ಕೆ ನಾಲ್ಕು ಚೀಲ ಅಕ್ಕಿ ಕಳಿಸಲಿ. ಅದು ನೀವಿಬ್ಬರೂ ಕೂತು ಮಾತಾಡಿಕೊಳ್ಳಿ. ಪಹಣಿಯಲ್ಲಿ ಹೆಸರು ಇರಲಿ, ಅಷ್ಟೇ. ಬೇನೆ ಬಂದಾಗ, ಗಂಡ ಕುಡಿಯಲು ಕಲಿತಾಗ, ಮಗಳನ್ನು ಓದಿಸಬೇಕಾದಾಗ ಆ ಹೆಸರು ಕೈಗೆ ಬರುತ್ತೆ. ಗಂಡ ಕುಡಿಯುತ್ತಾನೆ ಅಂತಲ್ಲ. ಒಳ್ಳೆ ಹುಡುಗ. ಆದರೂ ಹೇಳಿದೆ.

ಈ ಪತ್ರವನ್ನು ಮೊಬೈಲಲ್ಲಿ ಬರೆದುಕೊಟ್ಟಿದ್ದು ಯಾರು ಗೊತ್ತಾ? ನಿನ್ನ ತಮ್ಮ. ನನಗೆ ಆ ಸಣ್ಣ ಅಕ್ಷರ ಒತ್ತಲು ಬರುವುದಿಲ್ಲ. ನಾನು ಓದುತ್ತಾ ಹೋದೆ, ಅವನು ಒತ್ತುತ್ತಾ ಹೋದ. "ಸಹಿ ಮಾಡಬೇಡ" ಅನ್ನುವ ಸಾಲಿಗೆ ಬಂದಾಗ ಅವನ ಹೆಬ್ಬೆರಳು ನಿಂತಿತು. ಸ್ವಲ್ಪ ಹೊತ್ತು ಸುಮ್ಮನಿದ್ದ. ಎದ್ದು ಹೋಗಿ ಎಮ್ಮೆಗೆ ನೀರಿಟ್ಟು ಬಂದ. "ಮೂರು ಎಕರೆಯಲ್ಲಿ ನಾನೇನು ಮಾಡ್ಲಿ ಅವ್ವ" ಅಂದ. ಅವನ ಮಾತೂ ಸುಳ್ಳಲ್ಲ. ಎರಡನೇ ಬೆಳೆಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗೊಬ್ಬರದ ರೇಟು, ಔಷಧಿ ಅಂಗಡಿಯ ಉದ್ರಿ, ಎಲ್ಲ ಅವನ ತಲೆ ಮೇಲೆ. ವಾರಕ್ಕೆ ಎರಡು ಸಲ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಕರೆದೊಯ್ಯುವವನೂ ಅವನೇ. ದಾರಿಯಲ್ಲಿ ಗುಂಡಿ ಬಂದಾಗ "ಹಿಡ್ಕೋ ಅವ್ವ" ಅಂತಾನೆ. ನಾನು ಅವನಿಗೆ ಅಂದೆ, "ನಿನ್ನಕ್ಕ ಕಿಡ್ನಿ ಕೊಡ್ತೀನಿ ಅಂದಳು. ನೀನೂ ಅಂದೆ. ಆವಾಗ ಇಬ್ಬರೂ ಸಮ ಮಕ್ಕಳೇ ಇದ್ರಿ ಅಲ್ವಾ?" ಅವನು ಏನೂ ಅನ್ನಲಿಲ್ಲ. ಬಂದು ಕೂತು, ನಿಂತ ಸಾಲಿನಿಂದ ಮುಂದೆ ಬರೆದ. ಒಂದಕ್ಷರ ತಪ್ಪಿಸಿಲ್ಲ, ನಾನು ಓದಿ ನೋಡಿದ್ದೇನೆ.

ನಿಮ್ಮಪ್ಪನಿಗೂ ಓದಿ ಹೇಳಿದೆ. ಬೀಡಿ ಹಚ್ಚಿದರು.

ನೋಂದಣಿ ಕಚೇರಿಯಲ್ಲಿ ಕೂತ ಸಾಹೇಬರಿಗೆ, ಊರಿಗೆ ಬರುವ ಗ್ರಾಮ ಆಡಳಿತಾಧಿಕಾರಿಗಳಿಗೆ, ಕಟ್ಟೆ ಮೇಲೆ ಕೂರುವ ಹಿರಿಯರಿಗೆ ನನ್ನದೊಂದು ಬೇಡಿಕೆ. ಹಕ್ಕು ಬಿಡುವ ಕಾಗದ ಹಿಡಿದು ಹೆಣ್ಣುಮಗಳು ಬಂದರೆ ಅಣ್ಣತಮ್ಮಂದಿರನ್ನು ಹೊರಗೆ ಕಳಿಸಿ. ಅವಳೊಬ್ಬಳನ್ನೇ ಕೂರಿಸಿ. ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಸರ್ವೆ ನಂಬರು, ಅದನ್ನು ಬಾಯಿಬಿಟ್ಟು ಓದಿ ಹೇಳಿ. ಆಮೇಲೆ ತಲೆ ಎತ್ತಿ ಕೇಳಿ, ಒಪ್ಪಿಗೆ ಇದೆಯೇನಮ್ಮ ಅಂತ. ಐದು ನಿಮಿಷದ ಕೆಲಸ. ಖುಷಿಯಿಂದ ಬಿಡುವವಳು ಆಗಲೂ ಬಿಡುತ್ತಾಳೆ, ಅವಳನ್ನು ಯಾರೂ ತಡೆಯುವುದಿಲ್ಲ. ವಂಶಾವಳಿ ಬರೆಯುವಾಗ ಮನೆಯ ಹೆಂಗಸರನ್ನು ಕೇಳಿ ಬರೆಯಿರಿ. ಯಾರು ಎಷ್ಟು ಹೆತ್ತಿದ್ದಾರೆ ಅನ್ನುವುದು ಕಟ್ಟೆ ಮೇಲೆ ಕೂತವರಿಗಿಂತ ಅಡುಗೆಮನೆಯಲ್ಲಿರುವವರಿಗೆ ಚೆನ್ನಾಗಿ ಗೊತ್ತು.

ಇದನ್ನು ಓದುವ ಬೇರೆ ಮನೆಯ ಹೆಣ್ಣುಮಕ್ಕಳಿಗೆ: ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಪುಕ್ಕಟೆ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನು ಮಾಡಿದರೂ ಆಗುತ್ತದೆ. ನಂಬರನ್ನು ನಾನು ಗೋಡೆಯ ಮೇಲೆ, ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟಿದ್ದೇನೆ.

ಮಗಳೇ, ಜಗಳ ಮಾಡು ಅಂತ ನಾನು ಹೇಳುತ್ತಿಲ್ಲ. ಕಾಗದ ತಂದರೆ ತೆಗೆದುಕೋ, ಪೂರ್ತಿ ಓದು, "ಅವ್ವ ಬೇಡ ಅಂದಿದ್ದಾಳೆ" ಅಂತ ಹೇಳಿ ವಾಪಸು ಕೊಡು. ಸಿಟ್ಟು ಬಂದರೆ ನನ್ನ ಮೇಲೆ ಬರಲಿ. ಸಿಟ್ಟು ಮಾಡಿಕೊಳ್ಳಲು ನಾನು ಇನ್ನೆಷ್ಟು ದಿನ ಸಿಗುತ್ತೇನೆ ಅವರಿಗೆ?

ಪಂಚಮಿ ಜುಲೈ 29ಕ್ಕೆ, ಮಂಗಳವಾರ. ಸೋಮವಾರ ನನ್ನ ಡಯಾಲಿಸಿಸ್ ಇರುತ್ತೆ, ಮರುದಿನ ಮೈ ಹಗುರ, ಮಾತಾಡಲು ಚೆನ್ನ. ನಿನ್ನ ತಮ್ಮ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾನಂತೆ. ಶೇಂಗಾ ಉಂಡಿ ಕಟ್ಟುತ್ತೇನೆ, ನಾನು ತಿನ್ನುವಂತಿಲ್ಲ, ಉಪ್ಪು ಸಿಹಿ ನೋಡಲು ನೀನೇ ಬೇಕು. ಕರೆಯಲು ಯಾರೂ ಬರದಿದ್ದರೂ ಬಾ. ಕಾರಟಗಿಯಲ್ಲಿ ಬಸ್ಸು ಹತ್ತಿ ಸಿಂಧನೂರಿನಲ್ಲಿ ಬದಲಿಸು.

ಒಂದು ಮಾತು. ನೋಂದಣಿ ಕಚೇರಿಯಲ್ಲಿ ಗುರುತಿಗೆ ಆಧಾರ್ ಕೇಳುತ್ತಾರೆ. ಅದನ್ನು ಗಂಡನ ಮನೆಯಲ್ಲೇ, ಪೆಟ್ಟಿಗೆಯ ತಳದಲ್ಲಿ ಇಟ್ಟು ಬಾ. ಬಸ್ಸಿನಲ್ಲಿ ಪುಕ್ಕಟೆ ಟಿಕೆಟಿಗೆ ಏನು ತೋರಿಸಲಿ ಅಂತೀಯ. ದುಡ್ಡು ಕೊಟ್ಟು ಬಾ. ಗೃಹಲಕ್ಷ್ಮಿಯ 2,000 ಬಂದಾಗ ನಾನು ಕೊಡ್ತೀನಿ.

ನಿನ್ನ ಅವ್ವ